ಮೂವತ್ತೊಂದು ಕೆ.ಜಿ. ಎಕ್ಸ್‌ರೇ

ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾಗಮಂಗಲದ ಕರಿಯಯ್ಯನ ಗುಜರಿ ಅಂಗಡಿಯಿಂದ ಮೂವತ್ತೊಂದು ಕೆ.ಜಿ. ಹಳೆಯ ಎಕ್ಸ್‌ರೇ ಫಿಲಂ ತುಂಬಿದ ಗೋಣಿಚೀಲವೊಂದು ಲಗೇಜ್ ಆಟೋ ಏರಿ ಪಾಂಡವಪುರದ ಕಡೆ ಹೊರಟಿತು. ಅದು ೧೯೯೫ರ ಅಕ್ಟೋಬರ್ ೨೪, ಮಂಗಳವಾರ, ದೀಪಾವಳಿ ಅಮಾವಾಸ್ಯೆ. ಅಂದು ಬೆಳಗ್ಗೆಯೇ ಸೂರ್ಯಗ್ರಹಣ ಹಿಡಿದು ಬಿಟ್ಟಿತ್ತು. ಆ ಚೀಲದೊಳಗೆ ಕರಿಯಯ್ಯನ ಸತ್ತ ಮಗಳ ಎದೆಯ ಎಕ್ಸ್‌ರೇಯೂ ಇತ್ತು. ಚೀಲ ತುಂಬಿ, ಬಾಯಿ ಹೊಲಿದು, ತೂಕಕ್ಕೆ ಹಾಕಿ ಆಟೋಗೆ ಎತ್ತಿಕೊಟ್ಟವನು ಕರಿಯಯ್ಯನೇ. ಅವನಿಗೆ ಅದು ಗೊತ್ತಾದದ್ದು ಎರಡು ಗಂಟೆ ಕಳೆದ ಮೇಲೆ.

ಗುಜರಿ ಅಂಗಡಿಗೆ ತನ್ನದೇ ಮಾತಿದೆ. ಹೊಸ್ತಿಲಿನಾಚೆ ಬಿಂದಿಗೆಯಾಗಿದ್ದದ್ದು ಒಳಗೆ ಬಂದರೆ ಹಿತ್ತಾಳೆ. ಯಾರದೋ ಮನೆಯ ಸೈಕಲ್ಲು ಇಲ್ಲಿ ಕಬ್ಬಿಣ, ಹೊಲಿಗೆ ಮಿಷನ್ನು ಬೀಡುಕಬ್ಬಿಣ. ಪಾಠದ ಪುಸ್ತಕ, ಮದುವೆ ಕರೆಯೋಲೆ, ಕೋರ್ಟಿನ ನೋಟೀಸು ಎಲ್ಲ ಸೇರಿ ರದ್ದಿ. ಡಬ್ಬಗಳೆಲ್ಲ ತಗಡು, ಪೆಟ್ಟಿಗೆಗಳೆಲ್ಲ ರಟ್ಟು, ಸೀರೆ ಪಂಚೆ ಎಲ್ಲ ಚಿಂದಿ. ಮೈಸೂರಿನ ದೊಡ್ಡ ಗುಜರಿಯೊಂದರಲ್ಲಿ ಏಳು ವರ್ಷ ದುಡಿದು ಬಂದ ಕರಿಯಯ್ಯ ಈ ಪಾಠವನ್ನು ಅಲ್ಲೇ ಕಲಿತಿದ್ದ. ಮಾಲನ್ನು ಅದರ ಹಳೆಯ ಹೆಸರು ಹಿಡಿದು ಕರೆಯಬಾರದು. ಕರೆದರೆ ಇದು ಯಾರ ಮನೆಯದು, ಯಾಕೆ ಮಾರಿದರು ಎಂಬ ಯೋಚನೆ ಬರುತ್ತದೆ, ಕೈ ನಿಧಾನವಾಗುತ್ತದೆ. ಅಂಗಡಿಯ ಮುಂದಿನ ಜಗಲಿಯ ಮೇಲೆ ಇಳಿದದ್ದೆಲ್ಲ ಮಾಲು. ಅದಕ್ಕೆ ಎಣಿಕೆಯಿಲ್ಲ, ತೂಕ ಮಾತ್ರ.

ಎಕ್ಸ್‌ರೇಗೆ ಇನ್ನೂ ಒಂದು ಕಟ್ಟಳೆಯಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡುವ ಹಾಗಿರಲಿಲ್ಲ. ಫಿಲಂ ಮೇಲಿನ ಕಪ್ಪು ಲೇಪದಲ್ಲಿ ಬೆಳ್ಳಿಯ ಅಂಶವಿರುತ್ತದೆ, ಫಿಲಮನ್ನು ತೊಳೆದು ಆ ಲೇಪ ಬಿಡಿಸುವವರು ಅದಕ್ಕಾಗಿಯೇ ಕೊಳ್ಳುತ್ತಾರೆ. ಆದರೆ ಎಕ್ಸ್‌ರೇಯನ್ನು ಮನೆಯವರು ಸುಮ್ಮನೆ ಗುಜರಿಗೆ ಹಾಕುವುದಿಲ್ಲ. ರೋಗಿ ವಾಸಿಯಾಗಿರಬೇಕು, ಇಲ್ಲ ಹೋಗಿರಬೇಕು. ಹೋದವರೇ ಹೆಚ್ಚು. ಸತ್ತವರ ಒಳಗನ್ನು ಇಣುಕಿ ನೋಡುವುದು ಸರಿಯಲ್ಲ ಎಂದು ಮೈಸೂರಿನ ಯಜಮಾನ ಹೇಳುತ್ತಿದ್ದ. ಅದರಂತೆ ಕರಿಯಯ್ಯ ಕವರನ್ನು ರದ್ದಿಗೆ ಎಸೆದು, ಫಿಲಮನ್ನು ಮಗುಚಿ ಹಿಡಿದು, ಮುಖ ಬೇರೆ ಕಡೆ ಮಾಡಿಕೊಂಡೇ ಚೀಲಕ್ಕೆ ಇಳಿಸುತ್ತಿದ್ದ. ಅಂಗಡಿ ತೆರೆದ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಮಗಳ ಹೆಸರು ಪುಷ್ಪ. ಹತ್ತು ತುಂಬಿತ್ತು. ಚಿಕ್ಕವಳಿದ್ದಾಗ ಕೀಲುಗಳು ಊದಿಕೊಂಡು ಜ್ವರ ಬರುತ್ತಿತ್ತು, ಬಂದು ಹೋಗುತ್ತಿತ್ತು. ಆ ಜ್ವರ ಕೀಲನ್ನು ಬಿಟ್ಟು ಎದೆಯನ್ನು ಹಿಡಿದಿದೆ ಎಂದು ತಿಳಿದದ್ದು ಹಿಂದಿನ ವರ್ಷದ ಶಿವರಾತ್ರಿಯ ಸುಮಾರಿಗೆ. ಡಾಕ್ಟರು ಫಿಲಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಲ್ಲಿ ತೋರಿಸಿ, ಹೃದಯ ಇಷ್ಟಿರಬೇಕಿತ್ತು, ಇಷ್ಟಾಗಿದೆ ಎಂದಿದ್ದರು. ತಾಯಿ ತಿಮ್ಮಮ್ಮ ಹತ್ತಿರ ಹೋಗಿ ನೋಡಿದಳು. ಕರಿಯಯ್ಯ ಅಭ್ಯಾಸಬಲದಿಂದ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡಿದ. ಆಷಾಢದಲ್ಲಿ ಪುಷ್ಪ ಹೋದಳು.

ಅವಳದು ಒಂದು ಫೋಟೋವೂ ಇರಲಿಲ್ಲ. ಸ್ಟುಡಿಯೋಗೆ ಕರೆದುಕೊಂಡು ಹೋಗುವ ಮಾತು ಪ್ರತಿ ಯುಗಾದಿಗೆ ಬರುತ್ತಿತ್ತು, ಮುಂದಿನ ಯುಗಾದಿಗೆ ಹೋಗುತ್ತಿತ್ತು. ಸ್ಕೂಲಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದ ದಿನ ಅವಳಿಗೆ ಜ್ವರ. ಹೀಗಾಗಿ ಮನೆಯಲ್ಲಿ ಉಳಿದ ಅವಳ ಚಿತ್ರವೆಂದರೆ ಆ ಎಕ್ಸ್‌ರೇ ಒಂದೇ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ತಿಮ್ಮಮ್ಮ ಅದನ್ನು ಕವರಿನಿಂದ ತೆಗೆದಳು. ಗೋಣಿ ಹೊಲಿಯುವ ದಬ್ಬಳವನ್ನು ಒಲೆಯಲ್ಲಿ ಕಾಯಿಸಿ ಮೇಲಂಚಿನ ನಡುವೆ ಒಂದು ತೂತು ಮಾಡಿದಳು, ದಾರ ಪೋಣಿಸಿದಳು, ಅಡುಗೆಮನೆಯ ಕಿಟಕಿಯ ಮೊಳೆಗೆ ನೇತುಹಾಕಿದಳು. ಕಿಟಕಿ ಮೂಡಲಿಗಿತ್ತು. ಬೆಳಗ್ಗೆ ಬಿಸಿಲು ಬಂದರೆ ಚಿತ್ರ ಎದ್ದು ಕಾಣುತ್ತಿತ್ತು. ದಿನಕ್ಕೊಂದು ಹೂವು ಆ ದಾರಕ್ಕೆ ಸಿಕ್ಕಿಸುತ್ತಿದ್ದಳು, ಹೆಚ್ಚಾಗಿ ಕನಕಾಂಬರ.

ಕರಿಯಯ್ಯ ಕಿಟಕಿಗೆ ಬೆನ್ನು ಹಾಕಿ ಉಣ್ಣಲು ಕೂರುತ್ತಿದ್ದ. ಹದಿನೈದು ತಿಂಗಳು ಹಾಗೆಯೇ ಕೂತ. ಒಮ್ಮೆ ಹೆಂಡತಿ, ‘ಒಂದ್ಸಲ ತಿರುಗಿ ನೋಡುದ್ರೆ ಏನಾಯ್ತದೆ’ ಎಂದು ಕೇಳಿದ್ದಳು. ಅವನು ಮುದ್ದೆ ಮುರಿದ.

ಗ್ರಹಣದ ದಿನ ಆದದ್ದು ಇಷ್ಟು. ಏಳೂವರೆ ಸುಮಾರಿಗೆ ಹಿಡಿಯುತ್ತದೆಂದು ಪೇಪರಿನಲ್ಲಿ ಬಂದಿತ್ತು. ಎಕ್ಸ್‌ರೇ ಫಿಲಮಿನಲ್ಲಿ ನೋಡುವುದೂ ಕಣ್ಣಿಗೆ ಒಳ್ಳೆಯದಲ್ಲ ಎಂದು ರೇಡಿಯೋದಲ್ಲಿ ಹೇಳಿದ್ದರು, ಕೇಳಿದವರು ಕಡಿಮೆ. ಆರೂವರೆಗೇ ಬೀದಿಯವರು ಅಂಗಡಿ ಮುಂದೆ ಸೇರಿದರು. ಕರಿಯಯ್ಯ ಚೀಲದ ಬಾಯಿ ಬಿಚ್ಚಿ ಕೈಗೆ ಸಿಕ್ಕಷ್ಟು ಹಂಚಿದ. ನೋಡಿ ಆದ ಮೇಲೆ ಜಗಲಿಯ ಮೇಲೆ ತಂದಿಡಬೇಕು ಎಂಬುದೊಂದೇ ಅವನ ಷರತ್ತು. ಪಕ್ಕದ ಟೀ ಅಂಗಡಿಯ ದಾಸಯ್ಯ ಯಾರದೋ ಮುರಿದ ಕಾಲಿನ ಫಿಲಮನ್ನು ಸೂರ್ಯನಿಗೆ ಹಿಡಿದು, ‘ಸೂರ್ಯಂಗೂ ಪಟ್ಟಿ ಕಟ್ಟಬೇಕು ಕಣ್ಲಾ’ ಎಂದು ಬೀದಿಯನ್ನೆಲ್ಲ ನಗಿಸಿದ. ಹತ್ತರೊಳಗೆ ಗ್ರಹಣ ಬಿಟ್ಟಿತು. ಒಬ್ಬೊಬ್ಬರೇ ಬಂದು ಫಿಲಮುಗಳನ್ನು ಜಗಲಿಯ ಮೇಲೆ ಒಟ್ಟಿ ಹೋದರು.

ಅದೇ ಹೊತ್ತಿಗೆ ಒಳಗೆ ತಿಮ್ಮಮ್ಮ ಗ್ರಹಣದ ಮೈಲಿಗೆ ಕಳೆಯಲು ಮನೆ ತೊಳೆಯತೊಡಗಿದ್ದಳು. ತುಂಬಿಟ್ಟ ನೀರನ್ನೆಲ್ಲ ಚೆಲ್ಲಿದಳು. ಪಾತ್ರೆ, ಮಣೆ, ದೇವರ ಪಟ ಎಲ್ಲವನ್ನೂ ಹೊರಗೆ ತಂದಿಟ್ಟಳು. ಅಂಗಡಿಗೂ ಮನೆಗೂ ಇದ್ದದ್ದು ಅದೊಂದೇ ಜಗಲಿ. ಎಕ್ಸ್‌ರೇಯ ದಾರ ಮಸಿ ಹಿಡಿದಿತ್ತು. ಹಬ್ಬಕ್ಕೆ ಹೊಸ ದಾರ ಹಾಕೋಣವೆಂದು ಹಳೆಯದನ್ನು ಕಿತ್ತು, ಫಿಲಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಲಿ ಎಂದು ಜಗಲಿಯ ಮೂಲೆಯಲ್ಲಿಟ್ಟು ಮೀಯಲು ಹೋದಳು.

ಹನ್ನೊಂದಕ್ಕೆ ಚಿಕ್ಕಸ್ವಾಮಿಯ ಲಗೇಜ್ ಆಟೋ ಬಂತು. ತಿಂಗಳಿಗೊಮ್ಮೆ ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರಗಳ ಗುಜರಿಗಳಿಂದ ಫಿಲಂ ಎತ್ತಿಕೊಂಡು ಹೋಗಿ ತೊಳೆಯುವವನಿಗೆ ಮುಟ್ಟಿಸುವುದು ಅವನ ಕೆಲಸ. ಹಬ್ಬದ ದಿನ ಬೇಗ ಮುಗಿಸಬೇಕೆಂಬ ಆತುರ ಅವನದು. ಕರಿಯಯ್ಯ ಜಗಲಿಯ ಮೇಲೆ ಹರಡಿದ್ದ ಫಿಲಮುಗಳನ್ನು ಎರಡೂ ಕೈಯಲ್ಲಿ ಬಾಚಿ, ಒಟ್ಟು ಮಾಡಿ, ಮುಖ ಆಚೆ ಮಾಡಿಕೊಂಡು ಚೀಲಕ್ಕೆ ತುಂಬಿದ.

ಹಬ್ಬದ ಅಡುಗೆ ಮುಗಿಸಿ ಒಂದೂವರೆಗೆ ತಿಮ್ಮಮ್ಮ ಹೊಸ ದಾರ, ಹೂವು ಹಿಡಿದು ಹೊರಗೆ ಬಂದಳು.

‘ಇಲ್ಲಿಟ್ಟಿದ್ದು ಎಲ್ಲೋಯ್ತು?’

‘ಏನಿಟ್ಟಿದ್ದೆ?’

ಅವಳು ಕೈಯಲ್ಲಿದ್ದ ದಾರ ತೋರಿಸಿದಳು.

ಅವನು ಜಗಲಿಯ ಮೂಲೆ ನೋಡಿದ, ತಕ್ಕಡಿ ನೋಡಿದ, ಆಟೋ ಹೋದ ರಸ್ತೆ ನೋಡಿದ. ಅಂಗಡಿಯ ಬಾಗಿಲು ಹಾಕಲೂ ನಿಲ್ಲಲಿಲ್ಲ. ಬಸ್‌ಸ್ಟಾಂಡಿಗೆ ಓಡಿದ. ಎರಡು ಗಂಟೆಯ ಬಸ್ಸಿನ ಹಿಂದಿನ ಮೆಟ್ಟಿಲ ಮೇಲೆ ನಿಲ್ಲಲು ಜಾಗ ಸಿಕ್ಕಿತು.

ಬಸ್ಸಿನ ತುಂಬ ಚೆಂಡುಹೂವಿನ ಮೂಟೆ, ಪಟಾಕಿ ಪೊಟ್ಟಣ, ತವರಿಗೆ ಹೊರಟ ಹೆಂಗಸರು. ಜಕ್ಕನಹಳ್ಳಿ ದಾಟುವವರೆಗೂ ಕರಿಯಯ್ಯ ಒಂದೇ ಲೆಕ್ಕ ಹಾಕುತ್ತಿದ್ದ. ಅಮಾವಾಸ್ಯೆ, ಅದರ ಮೇಲೆ ಗ್ರಹಣ. ಇಂಥ ದಿನ ಯಾರೂ ಹೊಸದಾಗಿ ಕೆಲಸಕ್ಕೆ ಕೈ ಹಾಕುವುದಿಲ್ಲ. ನಾಳೆ ಪಾಡ್ಯ, ನಾಳೆಯೂ ಇಲ್ಲ. ಚೀಲ ಹೊಲಿದದ್ದು ಹೊಲಿದ ಹಾಗೇ ಇರುತ್ತದೆ. ಆಮೇಲೆ ಇನ್ನೊಂದು ಯೋಚನೆ ಬಂತು. ಆ ರಾಶಿಯಲ್ಲಿ ಮಗಳದನ್ನು ಗುರುತಿಸುವುದು ಹೇಗೆ? ಫಿಲಮಿನ ಮೂಲೆಯಲ್ಲಿ ಒಂದು ನಂಬರು ಇರುತ್ತದೆ, ನಂಬರಿಗೆ ಹೆಸರು ಹೊಂದಿಸುವ ಕವರು ಇರುತ್ತದೆ. ಕವರನ್ನು ಹೋದ ವರ್ಷವೇ ಇವನು ರದ್ದಿಗೆ ಹಾಕಿದ್ದ. ಡಾಕ್ಟರ ಹತ್ತಿರ ಇನ್ನೊಂದು ಪ್ರತಿ ಕೇಳಬಹುದೇ ಎಂದುಕೊಂಡ. ಅದೂ ಆಗದ ಮಾತು. ಫೋಟೋಗಾದರೆ ಸ್ಟುಡಿಯೋದಲ್ಲಿ ನೆಗೆಟಿವ್ ಉಳಿಯುತ್ತದೆ. ಎಕ್ಸ್‌ರೇಗೆ ಬೇರೆ ನೆಗೆಟಿವ್ ಇಲ್ಲ, ಕೈಗೆ ಕೊಟ್ಟದ್ದೇ ನೆಗೆಟಿವ್. ಉಳಿದದ್ದು ಎರಡು ಗುರುತು. ಒಂದು ದಬ್ಬಳದ ತೂತು. ಇನ್ನೊಂದು ತಾಯಿತ. ಎಕ್ಸ್‌ರೇ ತೆಗೆಯುವಾಗ ಕೊರಳಿನ ತಾಯಿತ ಬಿಚ್ಚಲು ತಿಮ್ಮಮ್ಮ ಒಪ್ಪಿರಲಿಲ್ಲ. ಅದು ಚಿತ್ರದಲ್ಲಿ ಬಿದ್ದಿದೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು.

ಪಾಂಡವಪುರದ ಬಸ್‌ಸ್ಟಾಂಡಿನ ಎದುರು ಹೋಟೆಲಿನಲ್ಲಿ ಚಿಕ್ಕಸ್ವಾಮಿ ಕೂತಿದ್ದ. ಕರಿಯಯ್ಯನನ್ನು ಕಂಡು ನಗುತ್ತ, ‘ಏನ್ ಕರಿಯಣ್ಣ, ಚೀಲದೊಳ್ಗೆ ಕಲ್ಲಾಕಿದ್ದೆ ಅಂತ ಒಪ್ಕಳಕ್ಕೆ ಬಂದ್ಯಾ?’ ಎಂದ. ವಿಷಯ ಕೇಳಿದ ಮೇಲೆ ಅರ್ಧ ಕುಡಿದ ಲೋಟ ಕೆಳಗಿಟ್ಟ. ಮಾಲು ಇಳಿಸಿ ಒಂದು ಗಂಟೆಯ ಮೇಲಾಗಿತ್ತು. ಆದರೂ ಹೆದರಬೇಡ, ಫಿಲಂ ತೊಳೆಯುವ ಮಂಚಯ್ಯ ಅಮಾವಾಸ್ಯೆ ದಿನ ಸೋಡಾ ನೀರಿಗೆ ಕೈ ಹಾಕುವ ಆಸಾಮಿ ಅಲ್ಲ ಎಂದು ಧೈರ್ಯ ಹೇಳಿದ. ಆಟೋ ಹತ್ತಿಸಿಕೊಂಡು ಹೊರಟ.

ತೊಳೆಯುವ ಶೆಡ್ಡು ಇದ್ದದ್ದು ಶ್ರೀರಂಗಪಟ್ಟಣದ ರಸ್ತೆಯಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಆಚೆ, ಕಿರುಗಾಲುವೆಯ ಏರಿಯ ಮೇಲೆ. ದೂರದಿಂದಲೇ ಹೊಗೆ ಕಂಡಿತು. ಒಲೆ ಉರಿಯುತ್ತಿತ್ತು.

ಮಂಚಯ್ಯ ಅರವತ್ತು ದಾಟಿದ ಮನುಷ್ಯ. ಕಾಸ್ಟಿಕ್ ಸೋಡಾ ಕಲಸಿದ ಬಿಸಿ ನೀರಿನಲ್ಲಿ ಆಡಿ ಆಡಿ ಅವನ ಬೆರಳುಗಳ ಚರ್ಮ ಸುಲಿದು ನುಣ್ಣಗಾಗಿತ್ತು. ಕೆಲಸ ಹೀಗೆ: ಫಿಲಮನ್ನು ಡ್ರಮ್ಮಿನ ಬಿಸಿ ನೀರಿಗೆ ಬಿಡುವುದು, ಹತ್ತು ನಿಮಿಷಕ್ಕೆ ಲೇಪ ಸಡಿಲವಾದಾಗ ತೆಗೆದು ಉಜ್ಜುವುದು, ಕಾಲುವೆ ನೀರಿನಲ್ಲಿ ಜಾಲಿಸಿ ತಂತಿಗೆ ಒಣಹಾಕುವುದು. ಡ್ರಮ್ಮಿನ ತಳದಲ್ಲಿ ಕೂತ ಕಪ್ಪು ಗಸಿ ಬೆಳ್ಳಿ ತೆಗೆಯುವವರಿಗೆ. ತೊಳೆದ ಹಾಳೆ ಪ್ಲಾಸ್ಟಿಕ್ಕಿನವರಿಗೆ. ಅವರು ಅದನ್ನು ಅಂಗಿಯ ಕಾಲರಿನೊಳಗೆ ಇಡುವ ಪಟ್ಟಿಗೆ, ಬಿಂದಿ ಅಂಟಿಸುವ ಚೀಟಿಗೆ ಕತ್ತರಿಸುತ್ತಾರೆ. ಆ ಶೆಡ್ಡಿನ ಮಾತಿನಲ್ಲಿ ತೊಳೆಯದ್ದು ಕರಿ ಮಾಲು, ತೊಳೆದದ್ದು ಬಿಳಿ ಮಾಲು. ಬೇರೆ ಹೆಸರಿಲ್ಲ.

‘ನಾಳೆಯಿಂದ ಎಂಟು ದಿನ ಈ ಕಾಲ್ವೆಗೆ ನೀರು ಬುಡಲ್ವಂತೆ’ ಎಂದ ಮಂಚಯ್ಯ, ಕೇಳುವ ಮೊದಲೇ. ‘ಅಮಾಸೆ ಅಂತ ಕೂತ್ರೆ ಎಲ್ಲಿ ಜಾಲಿಸನ? ಅದಕ್ಕೇ ಒಲೆ ಅಚ್ಬುಟ್ಟೆ.’

ಕರಿಯಯ್ಯ ತನ್ನ ಚೀಲ ಯಾವುದೆಂದು ಕೇಳಿದ. ಕೆ.ಆರ್.ಪೇಟೆಯಲ್ಲಿ ಆ ದಿನ ಮಾಲು ಸಿಕ್ಕಿರಲಿಲ್ಲ, ಹಾಗಾಗಿ ಎಲ್ಲಕ್ಕಿಂತ ಮೊದಲು ಆಟೋ ಏರಿದ್ದು ಅವನ ಚೀಲವೇ. ಒಳಬದಿಗೆ ಸೇರಿ ಕೊನೆಗೆ ಇಳಿದಿತ್ತು. ಕೊನೆಗೆ ಇಳಿದದ್ದರಿಂದ ರಾಶಿಯ ಮೇಲೆ ಕೂತಿತ್ತು. ಮೇಲಿದ್ದದ್ದರಿಂದ ಮೊದಲು ಬಿಚ್ಚಿದ್ದರು. ಅರ್ಧ ಚೀಲ ಮುಗಿದಿತ್ತು.

‘ಗುಜರಿಯೋನು ಕೊಟ್ಟ ಮಾಲು ವಾಪಸ್ ಕೇಳ್ಕಂಡು ಬಂದಿದ್ದು ನಾ ಕಾಣೆ ಕಣಪ್ಪ’ ಎಂದು ಮಂಚಯ್ಯ ನಕ್ಕ. ಚಿಕ್ಕಸ್ವಾಮಿ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು ಎರಡು ಮಾತು ಹೇಳಿದ. ಮಂಚಯ್ಯ ಹಿಂದಿರುಗಿ ಬಂದು ಒಲೆಯ ಕೊಳ್ಳಿಗಳನ್ನು ಈಚೆಗೆಳೆದು ನೀರು ಹಾಕಿದ. ಡ್ರಮ್ಮಿನೊಳಗೆ ನೆನೆಯುತ್ತಿದ್ದ ನಲವತ್ತೈವತ್ತನ್ನು ಕೋಲಿನಿಂದ ಎತ್ತಿ ನೆಲಕ್ಕೆ ಹಾಕಿದ. ಅವುಗಳ ಮೇಲಿನ ಕಪ್ಪು ಆಗಲೇ ಹಾಲಿನ ಕೆನೆಯ ಹಾಗೆ ಮುದುಡಿ ಜಾರುತ್ತಿತ್ತು.

ಕರಿಯಯ್ಯ ಉಳಿದ ಅರ್ಧ ಚೀಲವನ್ನು ಏರಿಯ ಹುಲ್ಲಿನ ಮೇಲೆ ಸುರಿದ. ಆಗ ನಾಲ್ಕು ಇಪ್ಪತ್ತು. ಬಿಸಿಲು ಇನ್ನೂ ಒಂದೂವರೆ ಗಂಟೆ ಇತ್ತು. ಮೊದಲ ಫಿಲಮನ್ನು ಕೈಗೆತ್ತಿಕೊಂಡು ಪಡುವಣದ ಸೂರ್ಯನಿಗೆ ಹಿಡಿದ.

ಅದು ಯಾರದೋ ಮೊಣಕಾಲು. ಎರಡನೆಯದು ಎದೆ, ದೊಡ್ಡವರದು. ಮೂರನೆಯದೂ ಎದೆ. ನಾಲ್ಕನೆಯದು ಬೆರಳುಗಳನ್ನು ಅಗಲಿಸಿ ಇಟ್ಟ ಕೈ, ಉಂಗುರವಿತ್ತು. ಹನ್ನೆರಡು ವರ್ಷ ಮುಖ ತಿರುಗಿಸಿ ಚೀಲಕ್ಕೆ ಇಳಿಸಿದ್ದನ್ನೆಲ್ಲ ಈಗ ಒಂದೊಂದಾಗಿ ನೋಡಬೇಕಾಗಿತ್ತು. ಸೊಂಟದಲ್ಲಿ ಮೊಳೆ ಹೊಡೆಸಿಕೊಂಡವರು. ಗಂಟಲಲ್ಲಿ ನಾಣ್ಯ ಸಿಕ್ಕಿಸಿಕೊಂಡ ಮಗು. ಒಂದು ಕಡೆಯ ಶ್ವಾಸಕೋಶ ಪೂರ್ತಿ ಬೆಳ್ಳಗಾಗಿದ್ದವರು. ಬಸುರಿ ಹೆಂಗಸಿನ ಹೊಟ್ಟೆಯೊಳಗೆ ತಲೆ ಕೆಳಗಾಗಿ ಮಲಗಿದ್ದ ಕೂಸು. ಅವನು ಎಲ್ಲವನ್ನೂ ಬೆಳಕಿಗೆ ಹಿಡಿದ, ಮೇಲಂಚು ಸವರಿದ, ಪಕ್ಕಕ್ಕಿಟ್ಟ. ಚಿಕ್ಕಸ್ವಾಮಿಯೂ ಒಂದು ಕಟ್ಟು ತೆಗೆದುಕೊಂಡು ಅದೇ ಕೆಲಸಕ್ಕೆ ಕೂತ. ನಾಗಮಂಗಲಕ್ಕೆ ಹೋಗುವ ಕೊನೆಯ ಬಸ್ಸು ಹಬ್ಬದ ದಿನ ಐದೂವರೆಗೇ ಹೊರಡುತ್ತದೆಂದು ಅವನು ಎರಡು ಸಲ ನೆನಪಿಸಿದ. ಕರಿಯಯ್ಯ ತಲೆಯೆತ್ತಲಿಲ್ಲ.

ಐದೂಮುಕ್ಕಾಲಿನ ಸುಮಾರಿಗೆ ರಾಶಿಯ ತಳದಲ್ಲಿ ಒಂದು ಸಿಕ್ಕಿತು. ಪುಟ್ಟ ಎದೆ. ಕೊರಳಿನ ಕೆಳಗೆ ಓರೆಯಾಗಿ ಒಂದು ತಾಯಿತ.

ಅವನು ಮೇಲಂಚು ಸವರಿದ. ನುಣ್ಣಗಿತ್ತು. ಕೆಳಗಂಚು ಸವರಿದ. ಎರಡು ಮಗ್ಗಲು ಸವರಿದ. ತೂತಿರಲಿಲ್ಲ.

ಮಂಚಯ್ಯ ಹತ್ತಿರ ಬಂದು ಬೆನ್ನ ಹಿಂದೆ ನಿಂತು ನೋಡಿದ. ಮಕ್ಕಳ ಫಿಲಮಿನಲ್ಲಿ ತಾಯಿತ ಹೊಸದೇನಲ್ಲ, ತಿಂಗಳಿಗೆ ಹತ್ತಾದರೂ ಬರುತ್ತವೆ ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ:

‘ಇದ್ನೇ ತಗಂಡೋಗು. ದಬ್ಬಳ ಕೊಡ್ತೀನಿ, ಒಂದು ತೂತು ಮಾಡ್ಕ. ನಿನ್ ಎಂಡ್ರಿಗೆ ಮಗಳು ಸಿಕ್ದಂಗಾಯ್ತದೆ, ನಿಂಗೂ ಮನೆಗೋಗಕ್ಕೆ ಮೊಕ ಇರ್ತದೆ. ಎಲ್ಲಾ ಮಕ್ಳೆದೆನೂ ಒಂದೇ ತರ ಕಣಪ್ಪ.’

ಕರಿಯಯ್ಯ ಬೇಡವೆನ್ನಲಿಲ್ಲ. ದಬ್ಬಳ ಇಸಿದುಕೊಂಡ. ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಈಚೆಗೆಳೆದ ಕೊಳ್ಳಿಗಳ ಪೈಕಿ ಇನ್ನೂ ಕೆಂಡವಾಗಿದ್ದ ಒಂದರ ಮೇಲೆ ದಬ್ಬಳದ ತುದಿಯಿಟ್ಟು ಕಾಯಿಸಿದ. ಇನ್ನೊಂದು ಕೈಯಲ್ಲಿದ್ದ ಫಿಲಮನ್ನು ಮತ್ತೆ ಬೆಳಕಿಗೆ ಹಿಡಿದ. ನಡುವೆ ಬೆಳ್ಳಗೆ ಕಾಣುತ್ತಿದ್ದದ್ದೇ ಹೃದಯ, ಅದು ಅವನಿಗೆ ಗೊತ್ತಿತ್ತು. ಅದು ದೊಡ್ಡದೋ, ಸರಿಯಾದ ಅಳತೆಯದೋ? ಗೊತ್ತಾಗಲಿಲ್ಲ. ತಾಯಿತ ಅವಳದು ಎಡಕ್ಕೆ ಓರೆಯಾಗಿತ್ತೋ, ಬಲಕ್ಕೋ? ಅದೂ ಗೊತ್ತಾಗಲಿಲ್ಲ. ತೂತಿಲ್ಲ ಎಂಬುದೊಂದನ್ನು ಬಿಟ್ಟರೆ ಇದು ತನ್ನ ಮಗಳಲ್ಲ ಎಂದು ಹೇಳಲು ಅವನ ಬಳಿ ಏನೂ ಇರಲಿಲ್ಲ. ಹದಿನೈದು ತಿಂಗಳು ಅದು ಅವನ ಬೆನ್ನ ಹಿಂದೆಯೇ ನೇತಾಡಿತ್ತು.

ದಬ್ಬಳದ ತುದಿ ಕೆಂಪಗಾಯಿತು. ಅವನು ಅದನ್ನು ಹಾಗೇ ಕೆಳಗಿಟ್ಟ. ಈ ಮಗು ಯಾವೂರಿನದು ಎಂದು ಮಂಚಯ್ಯನನ್ನು ಕೇಳಿದ. ಮಂಚಯ್ಯನಿಗೆ ಹೇಗೆ ಗೊತ್ತಿರಬೇಕು? ಅದು ಕರಿಯಯ್ಯನ ಚೀಲದಿಂದಲೇ ಬಂದದ್ದು. ಕರಿಯಯ್ಯ ಆ ಫಿಲಮನ್ನು ಒಯ್ದು ಉಳಿದವುಗಳ ಜೊತೆ ಇಟ್ಟ. ಆಮೇಲೆ ತಂತಿಯ ಕಡೆ ನಡೆದ.

ತಂತಿಯ ಮೇಲೆ ನಾನೂರಕ್ಕೂ ಮೇಲೆ ಬಿಳಿ ಮಾಲು ಸಾಲಾಗಿ ನೇತಾಡುತ್ತಿತ್ತು. ತಿಳಿನೀಲಿಯ ಹಾಳೆಗಳು, ಒಂದರ ಮೂಲಕ ಇನ್ನೊಂದು ಕಾಣುತ್ತಿತ್ತು. ಸೂರ್ಯ ಮುಳುಗಿದ್ದ, ಇನ್ನು ಕಣ್ಣಿನಿಂದ ಆಗುವ ಕೆಲಸವಿರಲಿಲ್ಲ. ಅವನು ಒಂದು ತುದಿಯಿಂದ ಶುರುಮಾಡಿ ಪ್ರತಿ ಹಾಳೆಯ ಅಂಚನ್ನು ಹೆಬ್ಬೆರಳಿನಲ್ಲಿ ಸವರುತ್ತ ಹೋದ. ಮೂರನೆಯ ಸಾಲಿನ ನಡುವೆ ಬೆರಳು ನಿಂತಿತು. ಅಂಚಿನಿಂದ ಅರ್ಧ ಇಂಚು ಒಳಗೆ ಒಂದು ತೂತು, ಅದರ ಸುತ್ತ ಕರಗಿ ಗಟ್ಟಿಯಾದ ಪ್ಲಾಸ್ಟಿಕ್ಕಿನ ಸಣ್ಣ ದಡ. ಬೆಳಗ್ಗೆ ಇದೇ ಕೈ ಇದನ್ನು ಬಾಚಿ ಚೀಲಕ್ಕೆ ಹಾಕಿತ್ತು.

ಅವನು ಕ್ಲಿಪ್ಪು ತೆಗೆದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಳಿದಿದ್ದಷ್ಟು ಬೆಳಕಿಗೆ ಎತ್ತಿದ. ಕಾಲುವೆ ಕಂಡಿತು, ಆಚೆ ದಡದ ಗದ್ದೆ ಕಂಡಿತು. ಚಿಕ್ಕಸ್ವಾಮಿ ಸಿಕ್ಕಿತಾ ಎಂದು ಕೇಳಿದ. ಸಿಕ್ಕಿತು ಎಂದ ಕರಿಯಯ್ಯ.

ಬಸ್ಸು ಹೋಗಿತ್ತು. ಚಿಕ್ಕಸ್ವಾಮಿ ತನ್ನ ಮನೆಗೆ ಕರೆದ. ಹಬ್ಬದ ಮನೆಗೆ ಈ ಮುಖ ಹೊತ್ತು ಬರಲಾರೆ ಎಂದು ಕರಿಯಯ್ಯ ಪಾಂಡವಪುರದ ಬಸ್‌ಸ್ಟಾಂಡಿನಲ್ಲೇ ಉಳಿದ. ಹಾಳೆಯನ್ನು ಮಡಚಬಾರದೆಂದು ಅಂಗಿಯೊಳಗೆ ಬೆನ್ನಿಗೆ ಒತ್ತಿ ಇಟ್ಟುಕೊಂಡಿದ್ದ. ಬೆಳಗ್ಗೆ ಆರರ ಬಸ್ಸು ಹತ್ತಿದ.

ಮನೆ ಮುಟ್ಟಿದಾಗ ಏಳೂಮುಕ್ಕಾಲು. ಪಾಡ್ಯದ ದಿನ, ಬೀದಿಯ ಬಾಗಿಲುಗಳಲ್ಲೆಲ್ಲ ಸಗಣಿಯ ಮೇಲೆ ಹುಚ್ಚೆಳ್ಳಿನ ಹೂವು ಸಿಕ್ಕಿಸಿದ್ದರು. ಇವನ ಬಾಗಿಲಿನಲ್ಲಿ ಇರಲಿಲ್ಲ. ತಿಮ್ಮಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ನಿನ್ನೆಯ ದಾರ, ಬಾಡಿದ ಹೂವು ಪಕ್ಕದಲ್ಲೇ ಇದ್ದವು. ಅವನು ಅಂಗಿಯೊಳಗಿನಿಂದ ಹಾಳೆಯನ್ನು ತೆಗೆದು ಅವಳ ಕೈಗೆ ಕೊಟ್ಟ. ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ಬೇರೆ ಮಗುವಿನ ಫಿಲಂ ಸಿಕ್ಕಿದ್ದನ್ನೂ, ದಬ್ಬಳ ಕಾಯಿಸಿದ್ದನ್ನೂ ಬಿಡಲಿಲ್ಲ.

ಅವಳು ತೂತನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು. ತಾನೇ ಮಾಡಿದ ತೂತು. ಹಾಳೆಯನ್ನು ಒಮ್ಮೆ ಈ ಮಗ್ಗಲಿಗೆ, ಒಮ್ಮೆ ಆ ಮಗ್ಗಲಿಗೆ ತಿರುಗಿಸಿದಳು.

‘ಯಾವ ಮಗ್ಗುಲು ಮುಂದಿತ್ತು?’ ಎಂದು ಕೇಳಿದಳು.

ಅವನಿಗೆ ಗೊತ್ತಿರಲಿಲ್ಲ.

‘ನಾನೇ ಇಟ್ಟಿದ್ದು ಕಣಿ ಜಗಲಿ ಮ್ಯಾಗೆ’ ಎಂದಳು. ‘ನಿಮ್ದು ಏನೂ ತಪ್ಪಿಲ್ಲ. ಜಗಲಿ ಮ್ಯಾಲಿದ್ದದ್ದು ಮಾಲು ಅಂತ ನೀವೇ ಯೇಳ್ಕೊಟ್ಟಿದ್ರಿ, ನಾನೇ ಮರೆತೆ.’

ಇದಕ್ಕೆ ಬದಲು ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮುಖ ಆ ಕಡೆ ಮಾಡಿದ. ಹಾಗೆ ಮಾಡಿದ್ದು ಅವನಿಗೇ ಗೊತ್ತಾಗಿ ಮತ್ತೆ ಈ ಕಡೆ ತಿರುಗಿಸಿದ. ಹೇಗಿತ್ತು ಹೇಳು ಎಂದು ಕೇಳಿದ.

ತಿಮ್ಮಮ್ಮ ಹೇಳಿದಳು. ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ಬೆರಳಿನಿಂದ ತೋರಿಸುತ್ತ ಹೇಳಿದಳು. ಪಕ್ಕೆಲುಬು ಈ ಕಡೆ ಹತ್ತು, ಆ ಕಡೆ ಹತ್ತು ಎಣಿಸಲು ಸಿಗುತ್ತಿದ್ದವು. ಹೆಗಲಿನ ಮೂಳೆ ಎರಡೂ ಕಡೆ ಹಕ್ಕಿಯ ರೆಕ್ಕೆ ಬಿಚ್ಚಿದ ಹಾಗೆ. ತಾಯಿತ ಇಲ್ಲಿ, ಬಲಕ್ಕೆ ವಾಲಿಕೊಂಡು; ದಾರ ಕಾಣುತ್ತಿರಲಿಲ್ಲ, ತಾಯಿತ ಮಾತ್ರ. ತೆಗೆಯುವವನು ಉಸಿರು ಹಿಡಿ ಎಂದಾಗ ಅವಳಿಗೆ ಕೆಮ್ಮು ಬಂದು ಭುಜ ಎತ್ತಿದ್ದಳು, ಆದ್ದರಿಂದ ಒಂದು ಹೆಗಲು ಚೂರು ಮೇಲೆ. ಹೃದಯ ಇಲ್ಲಿಂದ ಇಲ್ಲಿಯವರೆಗೆ, ಮಗ್ಗುಲಾಗಿ ಮಲಗಿದ ಮಡಕೆಯ ಹಾಗೆ. ಅವಳ ಅಂಗೈ ಹಾಳೆಯ ಅರ್ಧದಷ್ಟನ್ನು ಮುಚ್ಚಿತು.

ಕರಿಯಯ್ಯ ಅವಳ ಬೆರಳು ಹೋದ ಕಡೆಯೆಲ್ಲ ನೋಡಿದ. ಕೆಳಗೆ ಅವಳ ಸೀರೆಯ ಚೌಕುಳಿ ಕಾಣುತ್ತಿತ್ತು.

ಅವಳು ಎದ್ದು ಹೊಸ ದಾರ ಪೋಣಿಸಿ ಹಾಳೆಯನ್ನು ಅದೇ ಮೊಳೆಗೆ ಹಾಕಿದಳು. ಕಿಟಕಿಯಿಂದ ಬಿಸಿಲು ಅದನ್ನು ದಾಟಿ ನೆಲಕ್ಕೆ ಬಿತ್ತು. ಆವತ್ತು ಅವನು ಕಿಟಕಿಗೆ ಮುಖ ಮಾಡಿ ಉಣ್ಣಲು ಕೂತ.

ಅಂಗಡಿ ಮರುದಿನ ತೆರೆಯಿತು. ಎಕ್ಸ್‌ರೇ ಕೊಳ್ಳುವುದನ್ನು ಕರಿಯಯ್ಯ ನಿಲ್ಲಿಸಲಿಲ್ಲ, ತೊಳೆಯುವವರ ಆಟೋ ತಿಂಗಳಿಗೊಮ್ಮೆ ಬರುತ್ತಲೇ ಇತ್ತು. ಆದರೆ ತಂದವರು ತಕ್ಕಡಿಗೆ ಇಡುವ ಮೊದಲು ಅವನು ಪ್ರತಿ ಫಿಲಮನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ, ಇದು ಯಾರದು, ಮನೆಯಲ್ಲಿ ಅವರ ಫೋಟೋ ಇದೆಯೇ ಎಂದು ಕೇಳುತ್ತಿದ್ದ. ಬಿಂಡಿಗನವಿಲೆಯಿಂದ ಬಂದ ದ್ಯಾವಯ್ಯ ಎಂಬ ಕುರಿ ಸಾಕುವ ಮುದುಕ ಹೆಂಡತಿಯ ಫೋಟೋ ಇಲ್ಲವೆಂದು ಅವಳ ಫಿಲಮನ್ನು ಮಾರದೆ ಮೊದಲು ವಾಪಸ್ ತೆಗೆದುಕೊಂಡು ಹೋದ. ಮುಂದಿನ ದೀಪಾವಳಿಯೊಳಗೆ ಹಾಗೆ ತೆಗೆದುಕೊಂಡು ಹೋದವರು ಒಟ್ಟು ಹನ್ನೊಂದು ಜನ.